ಹತ್ತರಿಂದ ಒಂದರವರೆಗಿನ ಗ್ರಾಹಕರು

ವ್ಯವಹಾರ ಶಿಕ್ಷಣ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಸಂಸ್ಥೆಯ ಒಂದು ಪುಸ್ತಿಕೆ ನನ್ನ ಅಕ್ಕನನ್ನು ಅಂಗಡಿಯ ಮುಂಭಾಗದಿಂದ ಎಬ್ಬಿಸಿ ಹಿಂದಿನ ದಾಸ್ತಾನು ಕೋಣೆಗೆ ತಳ್ಳಿದೆ. ಅವಳು ಚಪ್ಪಲಿ ಅಂಗಡಿಯೊಂದರಲ್ಲಿ ಇಪ್ಪತ್ತಮೂರು ವರ್ಷ ಗಿಡ್ಡ ಸ್ಟೂಲಿನ ಮೇಲೆ ಕೂತು ಊರಿನವರ ಕಾಲಿಗೆ ಶೂ ತೊಡಿಸಿದವಳು. ಈಗ ಕಿಟಕಿಯಿಲ್ಲದ ಕೋಣೆಯಲ್ಲಿ ಡಬ್ಬಗಳಿಗೆ ಅಳತೆಯ ಚೀಟಿ ಅಂಟಿಸುತ್ತಾಳೆ. ಇದಕ್ಕೆ ಕಾರಣ, ನಿಮ್ಮ ಮಾರುಕಟ್ಟೆ ವಿಭಾಗದ ಪ್ರಾಧ್ಯಾಪಕರು ಗ್ರಾಹಕ ವರ್ತನೆಯ ಬಗ್ಗೆ ನಡೆಸಿದ ಸಂಶೋಧನೆ. ಅದರಲ್ಲಿ ಒಂದು ತಪ್ಪಿದೆ. ಅದು ತಪ್ಪೋ ಅನುಕೂಲವೋ ಎಂದು ನಾನಿನ್ನೂ ನಿರ್ಧರಿಸಿಲ್ಲ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಕಂಡದ್ದನ್ನು ನಂಬದಿರುವುದಕ್ಕೇ ನನಗೆ ಸಂಬಳ. ಬಿಡುವಿನಲ್ಲಿ ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು ಓದುತ್ತೇನೆ. ಅಲ್ಲಿ ಅಡಿಟಿಪ್ಪಣಿ ಬಿಟ್ಟರೆ ಅರ್ಧ ಕತೆ ಕೈತಪ್ಪುತ್ತದೆ. ಹಾಗಾಗಿ ನಿಮ್ಮ ಪುಸ್ತಿಕೆಯ ಅಡಿಟಿಪ್ಪಣಿಗಳನ್ನೂ ಓದಿದೆ. ಬಹುಶಃ ಅವನ್ನು ಓದಿದ ಮೊದಲನೆಯವಳು ನಾನೇ.

ಅಂಗಡಿಯ ಯಜಮಾನರು ವರ್ತಕರಿಗಾಗಿ ನೀವು ನಡೆಸುವ ಎರಡು ದಿನದ ತರಬೇತಿಗೆ ಹೋಗಿದ್ದರು. ಪುಸ್ತಿಕೆಯನ್ನು ಅಲ್ಲಿ ಕೊಟ್ಟರಂತೆ. ಏಳನೆಯ ಪುಟದಲ್ಲಿ ‘ಮಾರಾಟಗಾರ್ತಿ ಸ’ ಎಂಬುವಳಿದ್ದಾಳೆ. ಐವತ್ತರ ಆಸುಪಾಸು, ಶೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ, ಗ್ರಾಹಕರನ್ನು ಬಾಗಿಲವರೆಗೆ ಎರಡು ಸಲ ನಡೆಸುತ್ತಾಳೆ. ಅವಳ ಬಳಿ ಬಂದ ಅರವತ್ತೇಳು ಗ್ರಾಹಕರಲ್ಲಿ ಮೂವತ್ತೆಂಟು ಮಂದಿ ಬರಿಗೈಯಲ್ಲಿ ಹೊರಟುಹೋದರು. ಕಾರಣ: ‘ಅತಿಯಾದ ಸಲಹೆಯಿಂದ ಕೊಳ್ಳುವ ಇಚ್ಛೆ ಕುಗ್ಗುತ್ತದೆ.’ ಕೊನೆಗೆ ವಿದ್ಯಾರ್ಥಿಗಳಿಗೊಂದು ಪ್ರಶ್ನೆ: ‘ನೀವು ಈ ಅಂಗಡಿಯ ಮಾಲೀಕರಾಗಿದ್ದರೆ ಮಾರಾಟಗಾರ್ತಿ ಸ ಬಗ್ಗೆ ಯಾವ ನಿರ್ಧಾರ ಕೈಗೊಳ್ಳುತ್ತೀರಿ?’ ನಿಮ್ಮ ವಿದ್ಯಾರ್ಥಿಗಳು ಏನು ಬರೆದರೋ ತಿಳಿಯದು. ನಿಜವಾದ ಮಾಲೀಕರು ಮರುದಿನವೇ ಉತ್ತರ ಕೊಟ್ಟರು.

“ಅಕ್ಕಾವ್ರೇ, ನೀವು ಬಂದ ಗಿರಾಕಿಗಳನ್ನ ವಾಪಸ್ ಕಳಿಸ್ತೀರಂತಲ್ಲ.”

“ಯಾರು ಹೇಳಿದ್ದು?”

“ಪುಸ್ತಕದಲ್ಲೇ ಇದೆ.”

“ಪುಸ್ತಕಕ್ಕೆ ಕಾಲಿದ್ಯಾ, ಸ್ವಾಮಿ?” ಎಂದಳಂತೆ ಅಕ್ಕ. ಅಷ್ಟು ಹೊತ್ತಿಗೆ ಸ್ಟೂಲು ಎತ್ತಿಯಾಗಿತ್ತು.

ಅವಳು ಗಿರಾಕಿಗಳನ್ನು ವಾಪಸ್ ಕಳಿಸುವುದು ನಿಜ. ನಾನೇ ಎಷ್ಟೋ ಸಲ ಕೇಳಿದ್ದೇನೆ. “ಈಗ ಬೇಡಮ್ಮಾ. ಬೆಳಿಗ್ಗೆ ಕಾಲು ಸುಳ್ಳು ಹೇಳುತ್ತೆ. ಸಂಜೆ ಕೆಲಸ ಮುಗಿಸ್ಕೊಂಡು ಬನ್ನಿ, ಊದಿದ ಕಾಲಿಗೇ ಅಳತೆ ತಗೋಬೇಕು. ಇಲ್ದಿದ್ರೆ ನಾಳೆ ಶೂ ಕಚ್ಚುತ್ತೆ, ನಾಡಿದ್ದು ನೀವು ನನ್ನನ್ನ ಕಚ್ತೀರಿ.” ಅವರು ನಗುತ್ತಾ ಹೋಗುತ್ತಾರೆ. ಅಕ್ಕ ಅವರು ಮೆಚ್ಚಿದ ಜೋಡಿಯ ಡಬ್ಬವನ್ನು ಕೆಳಗಿನ ಅರೆಯಲ್ಲಿಟ್ಟು ಅದಕ್ಕೊಂದು ಚೀಟಿ ಸಿಕ್ಕಿಸುತ್ತಾಳೆ. ಹೆಸರು ಕೇಳುವ ಅಭ್ಯಾಸವಿಲ್ಲ. ‘ಹಸಿರು ಚೀಲ’, ‘ಎಡಗಾಲು ದೊಡ್ಡದು’, ‘ಗಂಡನ ಮೇಲೆ ಸಿಟ್ಟು’ ಎಂದು ಬರೆದು ಕೆಳಗೆ ತಾರೀಖು ಹಾಕುತ್ತಾಳೆ, ಎರಡು ದಿನಕ್ಕಿಂತ ಹೆಚ್ಚು ಡಬ್ಬ ಕಾಯ್ದಿರಿಸುವಂತಿಲ್ಲವಲ್ಲ. ಅವರು ಸಂಜೆ ಬಂದು ಕೊಂಡರೆ ಚೀಟಿ ಗೋಡೆಯ ತಂತಿಗೆ ಹೋಗುತ್ತದೆ. ಯಜಮಾನರು ಸಂಜೆ ಇನ್ನೊಂದು ಅಂಗಡಿಯಲ್ಲಿರುವುದರಿಂದ ಇದನ್ನು ಕಂಡವರಲ್ಲ. ಸಂಜೆ ಮಾರಾಟ ಚೆನ್ನಾಗಿದ್ದರೆ ಅದು ಸಂಜೆಯ ಗುಣ ಎಂದುಕೊಂಡಿದ್ದರು.

ಇನ್ನು ನಿಮ್ಮ ಅಡಿಟಿಪ್ಪಣಿ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹೀಗಿದೆ: ‘ವೀಕ್ಷಣೆಯನ್ನು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಡೆಸಲಾಯಿತು.’ ನಿಮ್ಮ ಇಬ್ಬರು ವಿದ್ಯಾರ್ಥಿನಿಯರು ಗ್ರಾಹಕರ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಎಲ್ಲವನ್ನೂ ಗುರುತು ಹಾಕಿಕೊಂಡರು. ಅಕ್ಕನ ಒಪ್ಪಿಗೆ ಕೇಳಲಿಲ್ಲ. ಯಾರನ್ನೋ ಕಾಯುತ್ತಿದ್ದಾರೆ ಪಾಪ ಎಂದು ಅವಳು ಅವರಿಗೆ ನೀರು ಕೊಟ್ಟಿದ್ದಳು. ನೀರು ಕುಡಿದು, ಒಂದು ಹೊಡೆಯುತ್ತಲೇ ಎದ್ದುಹೋದರು. ಬರಿಗೈಯಲ್ಲಿ ಹೋದ ಗಿರಾಕಿಗಳು ಸಂಜೆ ಮರಳಿ ಬಂದಾಗ ಬೆಂಚಿನ ಮೇಲೆ ಎಣಿಸುವವರೇ ಇರಲಿಲ್ಲ.

ನಾನು ಎಣಿಸಿದೆ. ಪುಸ್ತಿಕೆಯ ಅನುಬಂಧದಲ್ಲಿ ವೀಕ್ಷಣೆಯ ತಾರೀಖುಗಳಿವೆ, ತಂತಿಯಲ್ಲಿ ಅಕ್ಕನ ಚೀಟಿಗಳಿವೆ. ಬರಿಗೈಯಲ್ಲಿ ಹೋದರೆಂದ ಮೂವತ್ತೆಂಟರಲ್ಲಿ ಮೂವತ್ತೊಂದು ಮಂದಿ ಸಂಜೆ ಬಂದು ಕೊಂಡಿದ್ದಾರೆ. ಚೀಟಿಗಳನ್ನು ಯಜಮಾನರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ಅಚ್ಚಾದ ಅಕ್ಷರಕ್ಕೆ ಅಂಜುವವರು. “ನೀವು ಅವರ ತಂಗಿ, ಹೀಗೇ ಹೇಳ್ತೀರಿ. ಆ ಕಾಲೇಜಿನವರೇ ತಪ್ಪಾಯ್ತು ಅಂತ ಬರೆದುಕೊಡಲಿ, ನಾಳೆನೇ ಸ್ಟೂಲು ಮುಂದಕ್ಕೆ ಹಾಕಿಸ್ತೀನಿ,” ಎಂದರು.

ಹಾಗೆ ನಿಮ್ಮ ಪ್ರಾಧ್ಯಾಪಕರ ಕೋಣೆಗೆ ಹೋದೆ. ಸಂಜೆ ಐದರ ಹೊತ್ತು. ವಿನಯವಂತರು, ಕುರ್ಚಿ ಕೊಟ್ಟರು.

“ಮೇಡಂ, ನಾವು ಯಾರ ಹೆಸರೂ ಹಾಕಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?”

“ಹೆಗಲಲ್ಲ ಸಾರ್, ಹೆಬ್ಬೆರಳು. ಆ ಬೀದಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡೋಳು ಒಬ್ಬಳೇ. ಅದಿರ್ಲಿ, ಒಂದು ಗಂಟೆಗೇ ಯಾಕೆ ನಿಲ್ಲಿಸಿದ್ರಿ?”

“ಎರಡಕ್ಕೆ ಮಕ್ಕಳಿಗೆ ಕ್ಲಾಸ್ ಇರುತ್ತಲ್ಲ.”

“ಯಾವ ವಿಷಯ?”

“ಗ್ರಾಹಕ ವರ್ತನೆ,” ಎಂದರು.

ನಾನು ನಗಲಿಲ್ಲ. ಸಂಜೆ ಕಾಲು ಊದುವ ವಿಷಯ ತಿಳಿಸಿದೆ. “ಅದಕ್ಕೆ ಆಧಾರ ಏನು? ಯಾವುದಾದ್ರೂ ಅಧ್ಯಯನ ಇದ್ಯಾ?” ಎಂದು ಕೇಳಿದರು. ಅಷ್ಟರಲ್ಲಿ ನಾನು ತಂದಿದ್ದ ಕಟ್ಟಿನಿಂದ ಜಾರಿದ ಚೀಟಿಯೊಂದನ್ನು ಹೆಕ್ಕಲು ಬಗ್ಗಿದೆ. ಮೇಜಿನಡಿಯಲ್ಲಿ ಪ್ರಾಧ್ಯಾಪಕರ ಎರಡೂ ಹಿಮ್ಮಡಿ ಶೂಗಳಿಂದ ಹೊರಗಿದ್ದವು. ಶೂಗಳ ಹಿಂಬದಿ ತುಳಿದು ತುಳಿದು ಚಪ್ಪಟೆಯಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಹಿಮ್ಮಡಿಗೆ ಅಧ್ಯಯನ ಬೇಕೇ? ಕೇಳಲು ಸಂಕೋಚವಾಯಿತು. ಚೀಟಿ ಹೆಕ್ಕಿಕೊಂಡು, ನಮಸ್ಕಾರ ಹೇಳಿ ಬಂದೆ.

ಇಷ್ಟೇ ಆಗಿದ್ದರೆ ತಿಳಿದವರ ಅಜಾಗರೂಕತೆ ಎಂದು ಸುಮ್ಮನಿರುತ್ತಿದ್ದೆ. ಆದರೆ ಪುಸ್ತಿಕೆಯ ಕೊನೆಯ ಪುಟದಲ್ಲಿ, ಸಂಶೋಧನೆಗೆ ‘ಉದಾರ ನೆರವು’ ನೀಡಿದವರಿಗೆ ಕೃತಜ್ಞತೆ ಹೇಳಿದ್ದೀರಿ. ಅವರು ಪಾದದ ಅಳತೆ ತೆಗೆಯುವ ಯಂತ್ರ ಮಾಡುವವರು. ತರಬೇತಿಗೆ ಬಂದ ವರ್ತಕರಿಗೆ ಆ ಯಂತ್ರ ರಿಯಾಯಿತಿಯಲ್ಲಿ ಸಿಕ್ಕಿತಂತೆ. ಅಕ್ಕನ ಸ್ಟೂಲಿದ್ದ ಜಾಗದಲ್ಲಿ ಈಗ ಅದೇ ನಿಂತಿದೆ. ಬೆಳಿಗ್ಗೆಯ ಕಾಲಿಗೆ ಬೆಳಿಗ್ಗೆಯೇ ಅಳತೆ ಕೊಡುತ್ತದೆ. ಯಾರಿಗೂ ಸಂಜೆ ಬನ್ನಿ ಎನ್ನುವುದಿಲ್ಲ. ನಾನು ಆರೋಪ ಹೊರಿಸುತ್ತಿಲ್ಲ. ಪರಿಚಯವೇ ಇರಬಾರದ ಎರಡು ಪುಟಗಳು ಒಂದನ್ನೊಂದು ನೋಡಿ ನಕ್ಕರೆ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕುವುದು ನನ್ನ ಕಸುಬು, ಹಾಕಿದ್ದೇನೆ. ಹತ್ತರಿಂದ ಒಂದು ಎಂಬ ವೇಳೆಯನ್ನು ಆರಿಸಿದವರು ಯಾರು? ತರಗತಿಯ ವೇಳಾಪಟ್ಟಿಯೇ, ನೆರವು ಕೊಟ್ಟವರೇ? ಗ್ರಾಹಕ ಬಾಗಿಲು ದಾಟಿದ ಮೇಲೆ ಏನು ಮಾಡಿದನೆಂದು ನೋಡದ ವಿದ್ಯೆಗೆ ಗ್ರಾಹಕ ವರ್ತನೆ ಎಂಬ ಹೆಸರೇಕೆ?

ಪುಸ್ತಿಕೆಯ ಹೊಸ ಮುದ್ರಣ ಮುಂದಿನ ತಿಂಗಳೆಂದು ಕೇಳಿದ್ದೇನೆ. ಅದಕ್ಕೆ ಮೊದಲು ನಿಮ್ಮವರು ಒಂದು ವಾರ ಸಂಜೆ ಐದರಿಂದ ಎಂಟರವರೆಗೆ ಬೆಂಚಿನ ಮೇಲೆ ಕೂರಲಿ, ಈ ಸಲ ಅಕ್ಕನ ಒಪ್ಪಿಗೆ ಕೇಳಿ. ಅವಳು ಸ್ಟೂಲಿನ ಮೇಲಿಲ್ಲದಿದ್ದರೆ ಅವರಿಗೆ ನೋಡಲು ಏನೂ ಇರುವುದಿಲ್ಲ. ಆದ್ದರಿಂದ, ಏಳನೆಯ ಪುಟ ಸಂಶಯಾಸ್ಪದ ಎಂದು ಯಜಮಾನರಿಗೆ ಮೊದಲು ಬರೆದುಕೊಡಿ. ತಿದ್ದುಪಡಿಯನ್ನು ಏಳನೆಯ ಪುಟದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿ. ಅಡಿಟಿಪ್ಪಣಿಯಲ್ಲಿ ಬೇಡ.

ಅಕ್ಕನಿಗೆ ನನ್ನಷ್ಟು ಸಿಟ್ಟಿಲ್ಲ. ಪ್ರಾಧ್ಯಾಪಕರ ಹಿಮ್ಮಡಿಯ ಸಂಗತಿ ಹೇಳಿದಾಗ, “ಎಡಗಾಲೋ ಬಲಗಾಲೋ?” ಎಂದು ಕೇಳಿದಳು.

“ಎರಡೂ.”

“ಅಯ್ಯೋ ಪಾಪ, ಬೆಳಿಗ್ಗೆ ತಗೊಂಡಿರ್ತಾರೆ.”

ಮರುದಿನವೇ ಅವಳು ದಾಸ್ತಾನು ಕೋಣೆಯಲ್ಲಿ ಅಂದಾಜಿನ ಅಳತೆಯ ಒಂದು ಡಬ್ಬ ಬೇರೆ ಇಟ್ಟಳು. ಅದರ ಚೀಟಿಯ ಮೇಲೆ ‘ಮೇಷ್ಟ್ರು’ ಎಂದಿದೆ. ಎರಡು ದಿನದ ನಿಯಮವಿರುವುದರಿಂದ ಈವರೆಗೆ ಮೂರು ಸಲ ತಾರೀಖು ತಿದ್ದಿದ್ದಾಳೆ. ಅಳತೆ ಸರಿಯಿದೆಯೇ ಎಂದು ಒತ್ತಿ ನೋಡಲು ಅವಳು ಮುಂದಿನ ಸ್ಟೂಲಿನ ಮೇಲಿರಬೇಕು. ಮೇಷ್ಟ್ರನ್ನು ನಿಮ್ಮ ಪತ್ರದೊಂದಿಗೆ ಕಳಿಸಿಕೊಡಿ. ಬೆಳಿಗ್ಗೆ ಬೇಡ.

ಇಂತಿ,
ನಿಮ್ಮ ಏಳನೆಯ ಪುಟದವಳ ತಂಗಿ,
ಊರಿನವರ ತಪ್ಪೆಲ್ಲ ತಿದ್ದಿಯೂ ಮನೆಯವಳ ಮೇಲೆ ಅಚ್ಚಾದ ಒಂದನ್ನು ತಿದ್ದಲಾಗದವಳು