ಮೂರನೆಯ ನಕ್ಷೆಯ ಬೆಂಚು

ಮಾರ್ಚ್ 4, ಸೋಮವಾರ

ಪೆನ್ಸಿಲ್ ಕೆತ್ತಿ ಮುಗಿದಿರಲಿಲ್ಲ, ಸಾಹೇಬರ ಬುಲಾವ್. ಊರ ನಡುವಿನ ಪಾರ್ಕ್ ಸಾಲದಂತೆ. ದೊಡ್ಡದು ಮಾಡಬೇಕಂತೆ. ಯಾವ ಕಡೆಗೆ ಅಂತ ಸಮಿತಿ ಯೋಚಿಸುತ್ತದಂತೆ. ಯೋಚಿಸುತ್ತದೆ! ಇಪ್ಪತ್ತೊಂಬತ್ತು ವರ್ಷದಿಂದ ಈ ನಗರಸಭೆಯಲ್ಲಿ ನಕ್ಷೆ ಬರೆಯುತ್ತಿದ್ದೇನೆ. ಸಮಿತಿ ಬಿಸ್ಕತ್ತು ತಿಂದದ್ದನ್ನು ನೋಡಿದ್ದೇನೆ, ಯೋಚಿಸಿದ್ದನ್ನು ಇನ್ನೂ ನೋಡಬೇಕು.

"ಮೂರು ಆಪ್ಷನ್ ಬೇಕು ಕಣ್ರೀ. ಎ ಅಂದ್ರೆ ಹಳೇ ಬಸ್ ಡಿಪೋ. ಬಿ ಅಂದ್ರೆ ಗೋದಾಮುಗಳ ಕಡೆ. ಸಿ ನಿಮಗೇ ಬಿಟ್ಟಿದ್ದು."

ನನಗೇ ಬಿಟ್ಟದ್ದು ಅಂದರೆ ಬೆರ್ಚಪ್ಪ. ನಮ್ಮ ಸೆಕ್ಷನ್ನಿನ ಹಳೆಯ ಪದ್ಧತಿ ಇದು. ನಿಯಮದ ಪ್ರಕಾರ ಮೂರು ದಾರಿ ತೋರಿಸಲೇಬೇಕು. ಸಾಹೇಬರಿಗೆ ಬೇಕಾದದ್ದು ಒಂದು, ಪರವಾಗಿಲ್ಲ ಅನ್ನುವಂಥದ್ದು ಒಂದು, ಯಾರೂ ಮುಟ್ಟಲಾರದ್ದು ಒಂದು. ಆ ಮೂರನೆಯದು ಹೊಲದ ಬೆರ್ಚಪ್ಪನ ಹಾಗೆ ಸುಮ್ಮನೆ ನಿಂತಿರಬೇಕು. ಸಮಿತಿ ಅದನ್ನು ನೋಡಿ ಹೆದರಿ ಎ ಕಡೆಗೆ ಓಡಬೇಕು. ಇಲ್ಲಿಯವರೆಗೆ ಹತ್ತೊಂಬತ್ತು ಬೆರ್ಚಪ್ಪ ಬರೆದಿದ್ದೇನೆ. ಎಲ್ಲರೂ ನಿಂತಲ್ಲೇ ನಿಂತಿದ್ದಾರೆ.

ಡಿಪೋ ಎಂಟು ವರ್ಷದಿಂದ ಖಾಲಿ ಬಿದ್ದಿದೆ. ಅದೇ ಸರಿಯಾದ ಜಾಗ ಅಂತ ಕುರುಡನಿಗೂ ಗೊತ್ತು. ಅದನ್ನು ಹೇಳುವುದಕ್ಕೆ ಇಷ್ಟು ನಾಟಕ.

ಸಿ ಎಲ್ಲಿಗೆ ಅಂತ ಐದು ನಿಮಿಷ ಯೋಚಿಸಿದೆ. ಪಾರ್ಕಿನ ಹಿಂದಿನ ಓಣಿಗೆ ಹಾಕಿದೆ. ಮೂವತ್ನಾಲ್ಕು ಮನೆ, ಎಲ್ಲದರಲ್ಲೂ ಜನ. ಅದರಲ್ಲಿ ಹದಿನೇಳನೆಯದು ಅಕ್ಕನದು. ಇದಕ್ಕಿಂತ ಗಟ್ಟಿ ಬೆರ್ಚಪ್ಪ ಸಿಕ್ಕಲಾರ. ಒಬ್ಬನೇ ನಕ್ಕೆ.

ಮಾರ್ಚ್ 7, ಗುರುವಾರ

ಎ, ಬಿ ಮುಗಿದವು. ಇರುವ ಕಟ್ಟಡಗಳೆಲ್ಲ ಕೆಂಪು ಗೆರೆಯಲ್ಲಿ, ಬೀದಿಯ ಹೆಸರುಗಳ ಸಮೇತ. ನೋಡಿದರೆ ಎಕ್ಸ್‌-ರೇ ನೋಡಿದ ಹಾಗಿದೆ.

ಸಿ-ಗೆ ಕೆಂಪು ಗೆರೆ ಎಳೆಯಲಿಲ್ಲ. ಮೂವತ್ನಾಲ್ಕು ಮನೆ ಟ್ರೇಸ್ ಮಾಡುವುದಕ್ಕೆ ಒಂದು ದಿನ ಬೇಕು. ಬೆರ್ಚಪ್ಪನಿಗೆ ಇಸ್ತ್ರಿ ಅಂಗಿ ಯಾಕೆ? ಬಿಳಿ ಹಾಳೆಯ ಮೇಲೆ ನೇರವಾಗಿ ಮರ ಬರೆಯತೊಡಗಿದೆ. ಕೈಗೆ ಬಹಳ ದಿನವಾಗಿತ್ತು ಇಂಥ ಕೆಲಸ ಸಿಕ್ಕಿ. ನೀರುಬಣ್ಣ ತೆಗೆದೆ...

ಪಕ್ಕದ ಮೇಜಿನ ಹೂಂಗುಟ್ಟಪ್ಪ ಪರಿಶೀಲಿಸಿದ್ದೇನೆ ಅಂತ ಸಹಿ ಹಾಕಬೇಕು. ಎಂಜಿನಿಯರು. ಹೂಂ ಅನ್ನುವುದು ಬಿಟ್ಟು ಬೇರೆ ಮಾತು ಅವನ ಬಾಯಿಂದ ಕೇಳಿದ ನೆನಪಿಲ್ಲ.

"ಸಿ-ನಲ್ಲಿ ಮನೆ ತೋರ್ಸಿಲ್ಲ, ನಡಿಯುತ್ತಾ?"

"ಹೂಂ."

ಹಾಳೆಯತ್ತ ತಿರುಗಿಯೂ ನೋಡದೆ ಸಹಿ ಹಾಕಿದ. ಇಂಥವರಿಗೆ ಸಂಬಳ, ಮೇಲೆ ಬಡ್ತಿ.

ಮಾರ್ಚ್ 10, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಎಂದಿನಂತೆ ಮುಂದಿನ ಕೋಣೆಯ ತುಂಬ ಬಟ್ಟೆ ಚೂರು, ಎರಡು ಹೊಲಿಗೆ ಮೆಷಿನ್, ಗೋಡೆಗೆ ಒರಗಿಸಿದ ಅಳತೆಪಟ್ಟಿ. ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೆಂಟು. ಈ ಮೆಷಿನ್ ತುಳಿದೇ ಓದಿಸಿದಳು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅವಳು ಎಳೆಯುತ್ತಿದ್ದ ತೋಳಿನ ಬಾಗು ನೋಡಿಯೇ ನಾನು ಗೆರೆ ಎಳೆಯುವುದನ್ನು ಕಲಿತದ್ದು. ಇದನ್ನು ಅವಳಿಗೆ ಹೇಳಿಲ್ಲ. ಹೇಳಿದರೆ ಊರೆಲ್ಲ ಹೇಳಿಕೊಂಡು ಬರುತ್ತಾಳೆ.

"ಪಾರ್ಕ್ ದೊಡ್ಡದು ಮಾಡ್ತಾರಂತಲ್ಲೋ? ನಾನೂ ಅರ್ಜಿಗೆ ಸಹಿ ಹಾಕಿದೀನಿ."

"ನಿಂಗ್ಯಾಕೆ ಅದೆಲ್ಲ?"

"ಯಾಕೇಂದ್ರೆ? ದಿನಾ ಬೆಳಿಗ್ಗೆ ಎರಡು ಸುತ್ತು ಹೋಗ್ತೀನಿ. ಮಂಡಿ ಹಿಡ್ಕೊಂಡ್ರೆ ಕೂರೋಕೆ ಒಂದು ಬೆಂಚಿಲ್ಲ. ನಿಮ್ಮ ಆಫೀಸಿನೋರಿಗೆ ಮಂಡಿ ಅನ್ನೋದೇ ಇಲ್ವೇನೋ?"

ನಮ್ಮ ಆಫೀಸಿನವರಿಗೆ ಬೆನ್ನುಮೂಳೆಯೇ ಇಲ್ಲ, ಮಂಡಿ ಎಲ್ಲಿಂದ ಬರಬೇಕು.

ಮಾರ್ಚ್ 11, ಸೋಮವಾರ

ಸಿ-ನಲ್ಲಿ ಒಂದು ಬೆಂಚು ಬರೆದೆ. ದೊಡ್ಡ ಮರದ ಕೆಳಗೆ. ಅಳೆದು ನೋಡಿದರೆ ಅದು ಸರಿಯಾಗಿ ಅಕ್ಕನ ಮುಂದಿನ ಕೋಣೆಯಲ್ಲಿ ಬರುತ್ತದೆ, ಮೆಷಿನ್ ಇರುವ ಜಾಗದಲ್ಲೇ. ತಮಾಷೆ.

ಹೇಳಿಕೊಳ್ಳಬಾರದು, ಆದರೂ — ಈ ಆಫೀಸಿನಲ್ಲಿ ಇಷ್ಟು ಚೆಂದದ ನಕ್ಷೆ ಯಾರೂ ಬರೆದಿಲ್ಲ.

ಮಾರ್ಚ್ 23, ಶನಿವಾರ

ಸಭಾಂಗಣದಲ್ಲಿ ಸಾರ್ವಜನಿಕ ಅಭಿಪ್ರಾಯ ಸಂಗ್ರಹ. ಗೋಡೆಗೆ ಮೂರು ನಕ್ಷೆ. ಬಾಗಿಲಲ್ಲಿ ತಲೆಗೊಂದು ಹಸಿರು ಸ್ಟಿಕ್ಕರ್. ಇಷ್ಟವಾದ ನಕ್ಷೆಗೆ ಅಂಟಿಸಿ ಹೋಗುವುದು. ಪ್ರಜಾಪ್ರಭುತ್ವ ಈಗ ಅಂಟಿನ ರೂಪದಲ್ಲಿ ಸಿಗುತ್ತದೆ.

ಎ ಮುಂದೆ ಯಾರೂ ನಿಲ್ಲಲಿಲ್ಲ. ಬಿ ನೋಡಿ ಒಬ್ಬ ಆಕಳಿಸಿದ. ಎಲ್ಲರೂ ಸಿ ಮುಂದೆ. ಬಾಯಿ ಬಿಟ್ಟುಕೊಂಡು ನನ್ನ ಮರ ನೋಡುತ್ತಿದ್ದಾರೆ. ಕೆಳಗೆ ಬರೆದ ವಿವರ ಓದಿದವರು ಒಬ್ಬರೂ ಇಲ್ಲ. ಒಬ್ಬ ಮಾತ್ರ ಕೇಳಿದ:

"ಇದು ಯಾವ ಕಡೆ ಸಾರ್?"

"ಪಾರ್ಕಿನ ಹಿಂದೆ," ಅಂದ ಹೂಂಗುಟ್ಟಪ್ಪ. ಎರಡು ಪದ ಅವನ ಬಾಯಿಂದ! ದಾಖಲಿಸಿದ್ದೇನೆ.

"ಹಿಂದೆ ಅಷ್ಟು ಖಾಲಿ ಜಾಗ ಇದೆಯಾ?"

"ಹೂಂ."

ಅವನೂ ಅಂಟಿಸಿ ಹೋದ. ಓಣಿಯವರೇ ಹತ್ತು ಹನ್ನೆರಡು ಜನ ಬಂದಿದ್ದರು. ಅವರವರ ಮನೆಯ ಮೇಲೆ ಅವರವರೇ ಸ್ಟಿಕ್ಕರ್. ಕೊನೆಗೆ ಅಕ್ಕ ಬಂದಳು, ಹೊಸ ಸೀರೆ ಬೇರೆ. ಬೆಂಚಿನ ಹತ್ತಿರ ಬಗ್ಗಿ ನೋಡಿದಳು. ಬೆರಳಿನಲ್ಲಿ ಒತ್ತಿ ಒತ್ತಿ ಅಂಟಿಸಿದಳು. ದೂರದಿಂದ ನನಗೆ ಕೈ ಬೀಸಿದಳು. ನಾನು ಕಂಬದ ಹಿಂದೆ ನಿಂತು ನಗು ತಡೆದುಕೊಂಡೆ. ಹಸಿರು ಕಂಡರೆ ಸಾಕು, ಕುರಿಗಳು. ಅಕ್ಕನೂ ಕುರಿಯೇ. ನನ್ನನ್ನು ಓದಿಸಿದಳು, ತಾನು ಒಂದಕ್ಷರ ಓದದೆ ಅಂಟಿಸಿ ಹೋದಳು.

ಇರಲಿ, ಬೆರ್ಚಪ್ಪನಿಗೂ ಒಂದು ದಿನ ಹಾರ ಬೀಳಲಿ. ಸಮಿತಿ ಹೇಗೂ ಎ ಅನ್ನುತ್ತದೆ.

ಏಪ್ರಿಲ್ 9, ಮಂಗಳವಾರ

ಸಮಿತಿ ಸಿ ಅಂದಿತು.

ಅಧ್ಯಕ್ಷೆ ಎದ್ದು ನಿಂತು, "ನಾನೂರ ಹನ್ನೆರಡು ಸ್ಟಿಕ್ಕರು. ಜನರೇ ಆರ್ಸಿದಾರೆ, ನಾವ್ಯಾರು ಬೇಡ ಅನ್ನೋಕೆ?" ಅಂದರು. ಚಪ್ಪಾಳೆ. ಸಾಹೇಬರು ನನ್ನನ್ನು ನೋಡಿದರು. ನಾನು ಹೂಂಗುಟ್ಟಪ್ಪನನ್ನು ನೋಡಿದೆ. ಅವನು ಬಿಸ್ಕತ್ತು ನೋಡುತ್ತಿದ್ದ.

"ಮೇಡಂ, ಅಲ್ಲಿ ಮನೆಗಳಿವೆ," ಅಂದೆ. ನನ್ನ ದನಿಯೇ ಅಂತ ನನಗೆ ಅನ್ನಿಸಲಿಲ್ಲ.

"ಇರ್ಲಿ ಬಿಡಿ. ಊರಾಚೆ ಹೊಸ ಬ್ಲಾಕಿನಲ್ಲಿ ಕೊಡೋಣ. ಆ ಓಣಿಯೋರೇ ಬಂದು ಓಟು ಹಾಕಿದಾರಂತಲ್ಲ?"

ಏಪ್ರಿಲ್ 10, ಬುಧವಾರ

ಸಾಹೇಬರ ಕೋಣೆ. ಬಾಗಿಲು ಹಾಕಿಕೊಂಡೇ ಮಾತು.

"ಸಾರ್, ಸಿ ಬರೀ ಲೆಕ್ಕ ತುಂಬೋಕೆ ಹಾಕಿದ್ದು ಅಂತ ನೀವೇ ಹೇಳ್ಬೇಕು."

"ಏನಂತ ಹೇಳ್ಲಿ? ಇಪ್ಪತ್ತು ವರ್ಷದಿಂದ ಪ್ರತಿ ಸಲ ಒಂದು ಸುಳ್ಳು ನಕ್ಷೆ ಇಡ್ತಾ ಬಂದಿದೀವಿ ಅಂತಲಾ? ನಿಮ್ಮಕ್ಕನ ಮನೆ ಅಲ್ಲೇ ಅಲ್ವಾ ಇರೋದು? ಅದನ್ನ ಉಳ್ಸೋಕೆ ಈಗ ಕಥೆ ಕಟ್ತಿದೀರಿ ಅಂತಾರೆ. ನಾನೂ ಹಾಗೇ ಅನ್ಬೇಕಾಗುತ್ತೆ."

ಕೊನೆಯ ವಾಕ್ಯ ಎಷ್ಟು ಮೃದುವಾಗಿ ಹೇಳಿದರು! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ನನಗೆ ಸರ್ವೀಸ್ ಇನ್ನು ಹದಿನಾಲ್ಕು ತಿಂಗಳು. ಅದನ್ನೂ ನೆನಪಿಸಿದರು.

ಏಪ್ರಿಲ್ 29, ಸೋಮವಾರ

ಹತ್ತೊಂಬತ್ತು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಏನೂ ಮಾಡಿಲ್ಲ.

ಎರಡು ಭಾನುವಾರ ಅಕ್ಕನ ಮನೆಗೆ ಹೋಗಲಿಲ್ಲ — ಒಂದಕ್ಕೆ ಜ್ವರ, ಇನ್ನೊಂದಕ್ಕೆ ಆಫೀಸು. ಎರಡೂ ಸುಳ್ಳು. ಓಣಿಯ ಗೋಡೆಗಳಿಗೆ ನೋಟಿಸು ಅಂಟಿಸಿದ್ದಾರೆ, ನನ್ನ ನಕ್ಷೆಯ ಸಣ್ಣ ಪ್ರತಿ ಸಮೇತ. ಆಕ್ಷೇಪಣೆಗೆ ಕಡೆಯ ದಿನ ಮೇ 3. ಅಕ್ಕ ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಹೂಂಗುಟ್ಟಪ್ಪನನ್ನು ಆಡಿಕೊಂಡೆ. ಅವನು ನೋಡದೆ ಸಹಿ ಹಾಕಿದ. ನಾನು ಎಲ್ಲ ಗೊತ್ತಿದ್ದೇ ಬರೆದೆ. ಇಬ್ಬರಲ್ಲಿ ಯಾರು ಹೇಸಿಗೆ?

ಮೇ 2, ಗುರುವಾರ, ಮಧ್ಯಾಹ್ನ

ಅಕ್ಕ ಆಫೀಸಿಗೇ ಬಂದಳು. ನನ್ನ ಮೇಜಿನ ಮೇಲೆ ನೋಟಿಸು ಇಟ್ಟಳು. ಗೋಡೆಯಿಂದ ಕಿತ್ತದ್ದು, ಹಿಂದೆ ಸುಣ್ಣ ಅಂಟಿಕೊಂಡಿತ್ತು.

"ಈ ಮರ ನಿನ್ನ ಕೈಯದು."

ನೋಟಿಸು ಮಡಚಿ ಪಕ್ಕಕ್ಕಿಟ್ಟೆ.

"ಅವತ್ತೇ ಗೊತ್ತಾಯ್ತು ಕಣೋ ನಂಗೆ. ತಮ್ಮ ಬರೆದಿದ್ದು ಅಂತಲೇ ಅಂಟ್ಸಿದ್ದು. ಪಕ್ಕದ ಮನೆಯೋರಿಗೂ ನಾನೇ ಹೇಳ್ದೆ, ಅದಕ್ಕೇ ಹಾಕಿ, ನಮ್ಮುಡುಗ ಬರೆದಿದಾನೆ, ನಮಗೆ ಕೆಟ್ಟದ್ದು ಬರೀತಾನಾ ಅಂತ."

ಅವಳು ಓದದೆ ಅಂಟಿಸಿದ್ದಲ್ಲ. ನನ್ನನ್ನು ಓದಿ ಅಂಟಿಸಿದ್ದು. ಓಣಿಯವರೂ ಅವಳ ಮಾತಿಗೆ. ಎಲ್ಲ ಹೇಳಿದೆ — ಬೆರ್ಚಪ್ಪ, ಬಿಟ್ಟ ಮನೆಗಳು, ಸಾಹೇಬರ ಮಾತು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಹೂಂಗುಟ್ಟಪ್ಪ ತನ್ನ ಕುರ್ಚಿಯಿಂದಲೇ ನೀರು ಕೊಟ್ಟ.

"ಸರಿ, ಈಗ ಏನ್ಮಾಡ್ತೀಯ?"

"ಬರ್ಕೊಡ್ತೀನಿ, ತಪ್ಪು ನನ್ನದು ಅಂತ. ಆದ್ರೆ ನಿನ್ನ ಮನೆ ಉಳ್ಸೋಕೆ ಕಥೆ ಕಟ್ಟಿದೆ ಅಂತಾರಕ್ಕಾ. ಮೊದ್ಲೇ ಹಾಗೆ ಮಾಡಿದ್ವಿ ಅನ್ನೋಕೆ ಯಾವ ಕಾಗದಾನೂ ಇಲ್ಲ."

ಹೇಳುತ್ತಿರುವಾಗಲೇ ಡ್ರಾಯರಿನ ಕಡೆ ಕಣ್ಣು ಹೋಯಿತು. ಕಾಗದ ಇದೆ. ಈ ಪುಸ್ತಕ. ಮಾರ್ಚ್ ನಾಲ್ಕು, ಮಾರ್ಚ್ ಏಳು, ತಾರೀಖಿನ ಸಮೇತ.

ಮೇ 3, ಶುಕ್ರವಾರ, ಸಂಜೆ 4:20

ಆಕ್ಷೇಪಣೆ ಕೌಂಟರ್ ಮುಂದಿನ ಬೆಂಚು. ಐದಕ್ಕೆ ಮುಚ್ಚುತ್ತದೆ. ನಮ್ಮ ಮುಂದೆ ಆರು ಜನ. ಗುಮಾಸ್ತೆ ಹೇಳಿಬಿಟ್ಟಳು: ದಾಖಲೆ ಅಂದರೆ ಇಡೀ ಪುಸ್ತಕ ಕೊಡಬೇಕು, ಹರಿದ ಹಾಳೆ ನಡೆಯುವುದಿಲ್ಲ. ನಾಳೆಯಿಂದ ಸಾಹೇಬರು ಓದುತ್ತಾರೆ, ಅಧ್ಯಕ್ಷೆ ಓದುತ್ತಾರೆ, ಬಿಸ್ಕತ್ತಿನ ಸಾಲೂ ಓದುತ್ತಾರೆ. ಓದಲಿ. ಹದಿನಾಲ್ಕು ತಿಂಗಳು ಮನೆಯಲ್ಲೇ ಕೂರುತ್ತೇನೆ. ಅವರು ಓದುವುದರ ಬಗ್ಗೆ ನನಗೆ ಒಂದು ಚೂರೂ ಭಯವಿಲ್ಲ.

ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ, ಮಂಡಿ ಒತ್ತಿಕೊಳ್ಳುತ್ತ. ಓಣಿಯವರ ಅರ್ಜಿ ಅವಳ ಚೀಲದಲ್ಲಿದೆ. ಮೂವತ್ನಾಲ್ಕು ಸಹಿ, ಎಲ್ಲ ಅವಳೇ ಸುತ್ತಿ ತಂದದ್ದು. ಮನೆ ಮನೆಗೂ ಏನು ಹೇಳಿದಳು ಅಂತ ಕೇಳುವ ಧೈರ್ಯ ಬರಲಿಲ್ಲ.

"ಇನ್ನೂ ಏನೋ ಬರೀತಾ ಇದೀಯ?"

"ಮುಗೀತು."

"ಊರೋರೆಲ್ಲ ಓದೋ ಮೊದ್ಲು ನಾನೊಂದು ಸಲ ನೋಡ್ತೀನಿ, ಕೊಡು. ನನ್ನ ಬಗ್ಗೆ ಒಳ್ಳೇದು ಬರೆದಿದೀಯ ತಾನೇ?"

ನಗುತ್ತಿದ್ದಾಳೆ. ಕನ್ನಡಕ ಹಾಕಿಕೊಂಡಳು. ಕೈ ಚಾಚಿದ್ದಾಳೆ. ಮೊದಲ ಪುಟದಿಂದ ಬಂದರೆ ಮಾರ್ಚ್ ಇಪ್ಪತ್ಮೂರಕ್ಕೆ, ಆ ಕುರಿಯ ಸಾಲಿಗೆ, ಹೆಚ್ಚು ಹೊತ್ತು ಬೇಕಾಗಿಲ್ಲ. ಹರಿಯುವ ಹಾಗಿಲ್ಲ, ಹೊಡೆದು ಹಾಕುವ ಹಾಗಿಲ್ಲ. ಇಲ್ಲೇ ಕೊನೆಗೆ ಬರೆದಿಟ್ಟರೆ ಅದನ್ನೂ ಓದುತ್ತಾಳೆ. ಅಕ್ಕಾ, ಅಲ್ಲಿ ಕಂಬದ ಹಿಂದೆ ನಿಂತು ನಿನ್ನನ್ನು ನೋಡಿ ಬರೆದ ಆ ಮಾತು