ಜೂನ್ ತಿಂಗಳ ಐವಿ ಹೂವು

ನೊಣಪಂಡಿತರಾದ ಶ್ರೀ ನೆವಿಲ್ ಗ್ರಿಮ್‌ಸ್ಟನ್ ಅವರಿಗೆ,

ಬಹುವಚನ ಇಷ್ಟಕ್ಕೇ ಸಾಕು. ನಮ್ಮ ನೊಣ ಬಳಗದ ಪತ್ರಿಕೆ ಇಂದು ಬೆಳಿಗ್ಗೆ ಅಂಚೆಯಲ್ಲಿ ಬಂತು. ಮುಖಪುಟದಲ್ಲಿ ನಿನ್ನ ಹಲ್ಲು, ಅದರ ಪಕ್ಕ ಸೂಜಿಗೆ ಚುಚ್ಚಿದ ನನ್ನ ನೊಣ. ಇಡೀ ಷ್ರಾಪ್‌ಶೈರ್ ಜಿಲ್ಲೆಯಲ್ಲಿ ಇದನ್ನು ಮೊದಲು ಕಂಡವನು ನೀನಂತೆ, ಅದೂ ನಿನ್ನ ತೋಟದಲ್ಲಿ. ನಿನಗೆ ತೋಟ ಎಲ್ಲಿದೆ ಮಾರಾಯ? ನಿನ್ನ ಹಿತ್ತಲಿನ ಹುಲ್ಲನ್ನು ವಾರಕ್ಕೊಮ್ಮೆ ನಿನ್ನ ತಲೆಯ ಹಾಗೆ ಬೋಳಿಸಿರುತ್ತೀಯ. ಅಲ್ಲಿಗೆ ನೊಣ ಬಂದರೆ ದಾರಿ ತಪ್ಪಿಯೇ ಬರಬೇಕು.

ರೆಜ್ ತೀರಿಕೊಂಡ ವರ್ಷ ನಾನು ಅಡುಗೆಮನೆಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಗಂಡ ಹೋದವಳಿಗೆ ಎಲ್ಲರೂ ಕೇಕ್ ತಂದುಕೊಟ್ಟರು, ನೀನೊಬ್ಬ ಭೂತಗನ್ನಡಿ ತಂದೆ. "ಬೇಲಿ ಹತ್ರ ಹತ್ತು ನಿಮಿಷ ಸುಮ್ನೆ ನಿಂತ್ಕೋ ಬೆರಿಲ್. ಜೇನು ಅಂದ್ಕೊಂಡಿದ್ದೆಲ್ಲ ಜೇನಲ್ಲ" ಅಂದೆ. ನಿಜವೇ. ಮೈಗೆ ಪಟ್ಟೆ ಬಳಿದುಕೊಂಡು ಜೇನಿನಂತೆ ನಟಿಸುವ ನೊಣಗಳೇ ಅರ್ಧ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಅದನ್ನು ಕಣ್ಣಾರೆ ಎಣಿಸಿದ ದಿನ ನಾನು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ. ಆಮೇಲೆ ಹಳೆಯ ಹಾಲಿನ ಡಬ್ಬದಲ್ಲಿ ಹುಲ್ಲು ಕೊಳೆಸಿ ಮರಿಹುಳ ಸಾಕಿದೆ. ಪಕ್ಕದ ಮನೆಯ ಎಡ್ನಾ ಮೂಗು ಮುಚ್ಚಿಕೊಂಡು, "ನೊಣ ಓಡ್ಸೋರ್ನ ನೋಡಿದ್ದೀನಿ ಕಣೇ, ಕರೆದು ಹೆಸ್ರು ಕೇಳೋಳ್ನ ಇವತ್ತೇ ನೋಡಿದ್ದು" ಎಂದು ಹಂಗಿಸಿದಳು. ಹನ್ನೊಂದು ವರ್ಷ, ಪ್ರತಿ ಗುರುವಾರ ನೀನು ಬಂದೆ. ಚಹಾ ಕುಡಿದೆ, ಶುಂಠಿ ಬಿಸ್ಕತ್ತು ಮುಕ್ಕಿದೆ, ನಾನು ಗುರುತಿಸಿದ ಒಂದೊಂದು ಹೆಸರನ್ನೂ ತಿದ್ದಿದೆ.

ಕಳೆದ ಅಕ್ಟೋಬರ್‌ನಲ್ಲಿ ನನ್ನ ಗೋಡೆಗೆ ಹಬ್ಬಿದ ಐವಿ ಬಳ್ಳಿಯಲ್ಲಿ ಕಪ್ಪು ಮೈ, ಕೆಂಪು ಬಾಲದ ನೊಣವೊಂದು ಸಿಕ್ಕಿತು. ಬಲ ರೆಕ್ಕೆಯ ತುದಿ ಹರಿದಿತ್ತು. ನೊಣಗಳ ಪುಸ್ತಕವನ್ನು ಮೂರು ಸಲ ತಿರುವಿದೆ. ಗಾಜಿನ ಕೊಳವೆಗೆ ಹಾಕಿ, ಯಾವಾಗ, ಎಲ್ಲಿ, ಯಾವ ಹೂವಿನ ಮೇಲೆ ಎಂದು ನೀನೇ ಕಲಿಸಿದಂತೆ ಚೀಟಿ ಬರೆದು ನಿನ್ನ ಕೈಗಿಟ್ಟೆ. ಮುಂದಿನ ಗುರುವಾರ ಬಿಸ್ಕತ್ತು ಅದ್ದುತ್ತ ನೀನು ಹೇಳಿದ್ದು ಇಷ್ಟು: "ಮಾಮೂಲಿ ನೊಣ ಕಣೇ. ಬಿಸಾಕ್ಬಿಟ್ಟೆ."

ಪತ್ರಿಕೆಯ ಚಿತ್ರದಲ್ಲೂ ಬಲ ರೆಕ್ಕೆ ಹರಿದಿದೆ. ಸೂಜಿಯ ಕೆಳಗಿನ ಚೀಟಿಯಲ್ಲಿ ನಿನ್ನ ದುಂಡಕ್ಷರ: ಜೂನ್ ಹನ್ನೆರಡು, ಐವಿ ಹೂವಿನ ಮೇಲೆ. ತಾರೀಕು ಬದಲಿಸಿದೆ, ತೋಟ ಬದಲಿಸಿದೆ, ಹೆಸರು ಬದಲಿಸಿದೆ, ಹೂವನ್ನು ಮಾತ್ರ ನನ್ನ ಚೀಟಿಯಿಂದ ಹಾಗೇ ಇಳಿಸಿಕೊಂಡೆ. ಐವಿ ಹೂ ಬಿಡುವುದು ಬೇರೆಲ್ಲ ಹೂ ಮುಗಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಎಂದು ಎಡ್ನಾಳ ಬೆಕ್ಕಿಗೂ ಗೊತ್ತು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ಎಣಿಸಲೂ ಬಾರದವನನ್ನು ಈಗ ಕಂಡೆ. ಕಳ್ಳತನಕ್ಕೂ ಒಂದಿಷ್ಟು ಶ್ರದ್ಧೆ ಬೇಕು ನೆವಿಲ್.

ಸಂಪಾದಕರಿಗೆ ಒಂದೇ ಸಾಲು ಬರೆದು ಹಾಕಿದ್ದೇನೆ. ಜೂನ್‌ನಲ್ಲಿ ಐವಿ ಹೂ ಎಲ್ಲಿ ಸಿಕ್ಕಿತೆಂದು ನಿನ್ನನ್ನು ಕೇಳಲಿ, ಅಷ್ಟೇ.

ನನಗೆ ಅಸಹ್ಯವಾಗಿರುವುದು ಕಳ್ಳತನವಲ್ಲ. ನೀನು ಕೇಳಿದ್ದರೆ ಆ ನೊಣವನ್ನು ಕೊಟ್ಟುಬಿಡುತ್ತಿದ್ದೆ. ಪತ್ರಿಕೆಯಲ್ಲಿ ಹೆಸರು ಬರುವುದಕ್ಕಿಂತ ಗುರುವಾರ ನೀನು ಬರುವುದೇ ನನಗೆ ದೊಡ್ಡದಾಗಿತ್ತು.

ಬಳಗದವರ ನಗುವನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಆಯುಷ್ಯವನ್ನು ದೇವರು ನಿನಗೆ ಕೊಡಲಿ. ಚಹಾಕ್ಕೆ ಇನ್ನು ಬೇರೆ ಮನೆ ನೋಡಿಕೋ.

ಇಂತಿ,
ಆ ನೊಣವನ್ನು ಮೊದಲು ಕಂಡ
ಬೆರಿಲ್ ಟಾಡ್
ಲಡ್ಲೊ