ಕೆಂಪು ಟೋಪಿ, ಬಿಳಿ ಟೋಪಿ

ಹೊಲಿಗೆ ಅಂಗಡಿಯಿಂದ
ಮಂಗಳವಾರ, ಮಾರ್ಚ್ ಹನ್ನೆರಡು, ಮಧ್ಯಾಹ್ನ

ನನ್ನ ಮಾತಿನಮಲ್ಲ ತಮ್ಮನಿಗೆ ಅಕ್ಕನ ಮನಸಾರೆ ಆಶೀರ್ವಾದ.

ಮೊದಲು ಗಂಟಲು ಹೇಗಿದೆ ಅಂತ ಬರೆ. ಹೋದ ತಿಂಗಳು ಟಿವಿಯಲ್ಲಿ ನೀನು ಎರಡು ಸಲ ಕೆಮ್ಮಿದ್ದನ್ನು ನೋಡಿದೆ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಲು ಹೇಳೆಂದು ನಿನ್ನ ಹೆಂಡತಿಗೆ ತಿಳಿಸಿದ್ದೆ. ಅವಳು ಹೇಳಿರುತ್ತಾಳೆ, ನೀನು ಮಾಡಿರುವುದಿಲ್ಲ. ಮಗಳ ಪರೀಕ್ಷೆ ಮುಗಿಯಿತೇ? ನಾನು ಕಳಿಸಿದ ಅಂಗಿಯ ತೋಳು ಬಿಗಿಯಾಯಿತೆಂದಳಂತೆ. ಒಳಗೆ ಒಂದಂಗುಲ ಬಟ್ಟೆ ಬಿಟ್ಟಿದ್ದೇನೆ, ಅಲ್ಲಿನ ಯಾವ ದರ್ಜಿಯಾದರೂ ಬಿಚ್ಚಿ ಸಡಿಲ ಮಾಡಿಕೊಡುತ್ತಾನೆ. ನನ್ನ ಮಂಡಿ ಮೆಟ್ಟಿಲಿಳಿಯುವಾಗ ಮಾತ್ರ ತಾನಿದ್ದೇನೆಂದು ನೆನಪಿಸುತ್ತದೆ. ಉಳಿದಂತೆ ಗಟ್ಟಿಮುಟ್ಟಾಗಿದ್ದೇನೆ.

ಫೋನಿರುವಾಗ ಕಾಗದವೇಕೆ ಎಂದು ನಗಬೇಡ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ನಾನು ಹಲೋ ಅನ್ನುವಷ್ಟರಲ್ಲಿ ನಿನ್ನದು ಮೂರು ಸುತ್ತು ಮುಗಿದಿರುತ್ತದೆ. ಕಾಗದಕ್ಕೆ ಅಡ್ಡಬಾಯಿ ಹಾಕುವುದು ನಿನ್ನಿಂದಲೂ ಆಗದು. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಅಪ್ಪ ತೀರಿಕೊಂಡ ಮೇಲೆ ಈ ಅಂಗಡಿಯ ಆರ್ಡರ್ ಚೀಟಿಗಳನ್ನು ನೋಡಿ ನೋಡಿ. ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಭಾನುವಾರ ನೀನು ಹೇಳಿದ್ದನ್ನು ಎರಡು ದಿನದಿಂದ ತಲೆಯಲ್ಲಿ ತಿರುವಿ ಹಾಕುತ್ತಿದ್ದೇನೆ. ಶುಕ್ರವಾರ ರಾಜೀನಾಮೆ ಕೊಡುತ್ತೇನೆ ಅಂದೆ. ಹತ್ತೊಂಬತ್ತು ವರ್ಷ ವಾರಕ್ಕೆ ಮೂರು ದಿನ ರೇಸಿನ ಕಾರ್ಯಕ್ರಮವನ್ನು ಮೊದಲಿನಿಂದ ಕೊನೆತನಕ ನಡೆಸಿದವನಿಗೆ ಈಗ ಶನಿವಾರ ಒಂದೇ ದಿನ. ಅದೂ ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಾಡಿಸುವ ಅಂಗಳದ ಬೇಲಿಯ ಹತ್ತಿರ ಹತ್ತು ನಿಮಿಷ. ಓಟ ಶುರುವಾದ ಮೇಲೆ ಮೈಕ್ ಬೇರೆಯವರ ಕೈಗೆ. ‘ಬಾಗಿಲ ಹತ್ರ ನಿಲ್ಲಿಸಿದಾರೆ ಅಕ್ಕಾ, ಒಳಗೂ ಕರೆಯಲ್ಲ, ಹೊರಗೂ ಕಳಿಸಲ್ಲ’ ಅಂದಾಗ ನಿನ್ನ ದನಿ ಎಂಟು ವರ್ಷದವನದಾಗಿತ್ತು. ನಾನು ಬರೆಯುತ್ತೇನೆ ಅಂದೆ, ಬರೆಯುತ್ತಿದ್ದೇನೆ.

ಇಲ್ಲಿ ಜನ ಏನನ್ನುತ್ತಾರೆಂದು ಕೇಳಿದೆಯಲ್ಲ. ಊರೆಲ್ಲ ಸುತ್ತಬೇಕಾಗಿಲ್ಲ, ನಮ್ಮ ಅಂಗಡಿಯೊಳಗೇ ಎರಡು ಪಕ್ಷಗಳಿವೆ. ಕಟಿಂಗ್ ಮಾಸ್ಟರ್ ನಿನ್ನ ವಿರೋಧಿ, ಇಸ್ತ್ರಿಯವಳು ನಿನ್ನ ಭಕ್ತೆ. ಒಬ್ಬರದು ಕತ್ತರಿ, ಇನ್ನೊಬ್ಬರದು ಕೆಂಡ. ನಡುವೆ ನಾಲ್ಕು ಮೆಷಿನ್ನು, ಒಂದು ಉದ್ದನೆಯ ಮೇಜು, ನಾನು. ದಾರದ ಕಪಾಟಿನ ಮೇಲಿರುವ ಟಿವಿಯನ್ನು ಶನಿವಾರ ಹಚ್ಚಿದರೆ ಸಾಕು, ಶುರು. ‘ಕುದುರೆ ಓಡೋದು ಎರಡು ನಿಮಿಷ, ಈ ಮನುಷ್ಯನ ಮಾತು ಓಡೋದು ಎರಡು ಗಂಟೆ. ಅಕ್ಕಾ, ಬೇಜಾರು ಮಾಡ್ಕೋಬೇಡಿ, ನಿಮ್ಮ ತಮ್ಮನ ಬಾಯಿಗೊಂದು ಜಿಪ್ ಹಾಕ್ಸಿ, ಬಟ್ಟೆ ನಾನೇ ಕತ್ತರಿಸಿ ಕೊಡ್ತೀನಿ’ ಎಂದು ಅವನು ನನ್ನ ಎದುರಿಗೇ ಹೇಳುತ್ತಾನೆ. ಇಸ್ತ್ರಿಯವಳು ಬಿಡುತ್ತಾಳೆಯೇ? ‘ಜಿಪ್ ನಿಮ್ಮ ಬಾಯಿಗೆ ಹಾಕ್ಸೋಣ ಮಾಸ್ಟ್ರೇ. ಕೊನೇಲಿ ಬಂದ ಕುದುರೆ ಹೆಸರನ್ನೂ ಕೂಗಿ ಹೇಳೋರು ಇಡೀ ಟಿವೀಲಿ ಅವರೊಬ್ಬರೇ. ಗೆದ್ದವರನ್ನ ಹೊಗಳೋಕೆ ಯಾರಾದ್ರೂ ಇರ್ತಾರೆ’ ಅನ್ನುತ್ತಾಳೆ. ಅವಳ ಗಂಡ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿ ನಿಂತು ಕೆಲಸ ಮಾಡುವವನು. ಅವನಿಗೂ ಅದೇ ಇಷ್ಟವಂತೆ, ಹಿಂದುಳಿದವರ ಹೆಸರು ಹೇಳುತ್ತೀಯ ಅನ್ನುವುದು.

ನಿನ್ನ ಕುರ್ಚಿ ಕಳೆದ ಆ ಟೋಪಿಯ ದಿನದಿಂದ ಜಗಳಕ್ಕೆ ರಂಗೇರಿತು. ಇಸ್ತ್ರಿಯವಳಿಗೆ ರೇಸಿನ ಒಳಸುಳಿ ತಿಳಿಯದು. ಒಂದೇ ಓಟದಲ್ಲಿ ಇಬ್ಬರು ಜಾಕಿಗಳು ಒಂದೇ ಬಣ್ಣದ ಅಂಗಿ ಹಾಕಿದ್ದೇಕೆ ಎಂದು ಕೇಳಿದಳು. ನಾನು ಬಿಡಿಸಿ ಹೇಳಿದೆ. ಒಬ್ಬನೇ ಯಜಮಾನನ ಎರಡು ಕುದುರೆ ಓಡಿದರೆ ಎರಡರ ಜಾಕಿಗೂ ಅವನದೇ ಬಣ್ಣದ ಅಂಗಿ, ಆ ದಿನದ್ದು ಹಳದಿಯ ಮೇಲೆ ಕಪ್ಪು ಪಟ್ಟೆ. ಗುರುತಿಗೆ ಟೋಪಿ ಮಾತ್ರ ಬೇರೆ. ಮರುದನಿ ಎಂಬ ಕುದುರೆಯ ಮೇಲೆ ಕೂತವನಿಗೆ ಕೆಂಪು, ಹೊಂಬಿಸಿಲಿನವನಿಗೆ ಬಿಳಿ. ರೇಸಿನ ಪುಸ್ತಕದಲ್ಲಿ ಹಾಗೇ ಅಚ್ಚಾಗಿತ್ತು. ಓಡುವಾಗ ಟೋಪಿಗಳು ಅದಲುಬದಲಾಗಿದ್ದವು. ಗೆದ್ದದ್ದು ಹೊಂಬಿಸಿಲು, ನಮ್ಮ ತಮ್ಮ ಕೆಂಪು ಟೋಪಿ ನೋಡಿ ‘ಮರುದನಿ! ಮರುದನಿ!’ ಎಂದು ಕೂಗುತ್ತ ಬೇಲಿ ಹಾರಿ ಹೋಗಿ ಆ ಕುದುರೆಯ ಕುತ್ತಿಗೆ ತಬ್ಬಿಕೊಂಡ. ಬೋರ್ಡಿನ ಮೇಲೆ ಹೆಸರು ಬರುವಷ್ಟರಲ್ಲಿ ನಾಲ್ಕು ನಿಮಿಷ. ಅಷ್ಟರಲ್ಲಿ ಎಷ್ಟು ಜನ ಗೆದ್ದ ಬಾಜಿಯ ಚೀಟಿಯನ್ನು ಹರಿದು ಎಸೆದರೋ.

‘ಜೀನಿನ ಕೆಳಗೆ ಇಷ್ಟು ದಪ್ಪ ನಂಬರ್ ಬರೆದ ಬಟ್ಟೆ ಇರುತ್ತೆ, ನೋಡೋಕೇನಾಗಿತ್ತು ಇವರಿಗೆ ದಾಡಿ?’ ಎಂದ ಮಾಸ್ಟರ್. ‘ಟೋಪಿ ಅದಲುಬದಲಾಗಿದ್ದು ಜಾಕಿಗಳ ಬಟ್ಟೆ ಕೋಣೇಲಿ. ಅದನ್ನ ಯಾರೂ ಕೇಳಲ್ಲ, ಎಲ್ಲಾ ಇವರ ತಲೆಗೇ ಕಟ್ತಾರೆ’ ಎಂದಳು ಅವಳು. ಆಗ ಮಾಸ್ಟರ್ ಕತ್ತರಿ ಕೆಳಗಿಟ್ಟು ಒಂದು ಮಾತು ಹೇಳಿದ, ಅದು ನನ್ನ ಎದೆಯಲ್ಲಿ ನಾಟಿದೆ. ‘ಅಲ್ಲಮ್ಮಾ, ತೊಟ್ಟಿಲ ಮಗು ಸೀನಿದ್ರೂ ಹತ್ತು ನಿಮಿಷ ಮಾತಾಡೋ ಮನುಷ್ಯ, ಮಾರನೇ ದಿನ ಕ್ಯಾಮೆರಾ ಮುಂದೆ ಬಂದು ತಪ್ಪು ನನ್ನದು ಅಂದು ಎದ್ದು ಹೋದ್ರು. ಒಂದು ಸಬೂಬೂ ಇಲ್ಲ. ತಪ್ಪು ಬೇರೆಯವರದ್ದಾಗಿದ್ರೆ ಆ ಬಾಯಿ ಸುಮ್ನಿರ್ತಿತ್ತಾ?’ ಎಂದ. ಅವಳು ಕೆಂಡ ಊದತೊಡಗಿದಳು. ನಾನು ಸೂಜಿಗೆ ದಾರ ಪೋಣಿಸಿದೆ.

ಆಮೇಲೆ ಅವಳು ಸುಮ್ಮನೆ ಕೂರದೆ ಒಂದು ಉದ್ದನೆಯ ಹಾಳೆ ತಂದು, ನಿನ್ನನ್ನು ಹಳೆಯ ಜಾಗಕ್ಕೆ ಮರಳಿ ಕೂರಿಸಬೇಕೆಂದು ಬರೆದು, ಸಹಿ ಹಾಕಿಸಲು ಶುರು ಮಾಡಿದ್ದಾಳೆ. ಹಾಲಿನವನು, ಬಸ್ಸಿನ ಕಂಡಕ್ಟರ್, ಎದುರಿನ ಔಷಧಿ ಅಂಗಡಿಯವರು, ಎಲ್ಲ ಸೇರಿ ನಲವತ್ತಮೂರಾಗಿದೆ. ಔಷಧಿ ಅಂಗಡಿಯವರು ಸಹಿ ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಆದರೆ ಸ್ವಲ್ಪ ನಿಧಾನವಾಗಿ ಮಾತಾಡಲಿ’ ಎಂದು ಬರೆದಿದ್ದಾರೆ. ಹೋದ ಶನಿವಾರ ನಿನ್ನ ಕುರ್ಚಿಯಲ್ಲಿ ಕೂತ ಹೊಸಬಳನ್ನು ಎಲ್ಲರೂ ನೋಡಿದೆವು. ಒಳ್ಳೆಯ ಹುಡುಗಿ, ಒಂದಕ್ಷರ ತಪ್ಪಿಲ್ಲ. ಮೂರನೇ ಓಟದ ಹೊತ್ತಿಗೆ ಮಾಸ್ಟರ್ ಆಕಳಿಸಿ ‘ಏನೋ ಸಪ್ಪೆ’ ಎಂದ. ಇಸ್ತ್ರಿಯವಳು ತಟ್ಟನೆ ಹಾಳೆ ಮುಂದಿಟ್ಟಳು. ‘ಸಪ್ಪೆ ಅಂದೆ, ಸರಿಯಿಲ್ಲ ಅಂದ್ನಾ?’ ಎಂದು ತಳ್ಳಿಬಿಟ್ಟ. ನಗು ತಡೆಯಲಾಗಲಿಲ್ಲ. ನನ್ನ ಮುಂದೂ ಹಾಳೆ ಬಂತು. ನಾನು ಸಹಿ ಹಾಕಲಿಲ್ಲ. ಒಡಹುಟ್ಟಿದವಳೆಂಬ ಸಂಕೋಚ ಎಂದುಕೊಂಡರು.

ಈಗ ನನ್ನ ಮಾತು ಕೇಳು. ನೀನು ನನಗೆ ಎಷ್ಟು ಬೇಕಾದವನೋ ಅಷ್ಟೇ ನಿಜ, ನಿನ್ನನ್ನು ಬೇಡವೆನ್ನುವವರ ಮಾತಿನಲ್ಲಿ ಅರ್ಧ ಸರಿ. ಎರಡು ವರ್ಷದ ಹಿಂದೆ ಒಂದು ಕುದುರೆ ಕಾಲು ಮುರಿದು ಬಿತ್ತಲ್ಲ, ಅದರ ಜಾಕಿ ಮಣ್ಣು ಮೆತ್ತಿದ ಮುಖದಲ್ಲಿ ನಡೆದು ಬರುತ್ತಿದ್ದ. ನೀನು ಅವನ ಬಾಯಿಗೆ ಮೈಕ್ ಹಿಡಿದು ‘ಹೇಗನ್ನಿಸ್ತಿದೆ?’ ಎಂದೆ. ನಾನು ಎದ್ದು ಟಿವಿ ಆರಿಸಿದೆ. ಇದನ್ನು ಇದುವರೆಗೆ ನಿನಗೆ ಹೇಳಿಲ್ಲ. ಹುಡುಗನಾಗಿದ್ದಾಗ ನೀನು ಇದೇ ಮೇಜಿನ ಮೇಲೆ ಖಾಲಿ ಬಾಬಿನ್‌ಗಳನ್ನು ಉರುಳಿಸಿ ರೇಸ್ ಓಡಿಸುತ್ತಿದ್ದೆ. ಕೆಳಗೆ ಬಿದ್ದದ್ದನ್ನು ಎತ್ತಿ, ಒರೆಸಿ, ಸ್ವಲ್ಪ ಹೊತ್ತು ಏನೂ ಅನ್ನದೆ ಕೈಯಲ್ಲಿಟ್ಟುಕೊಳ್ಳುತ್ತಿದ್ದೆ. ಆ ಸ್ವಲ್ಪ ಹೊತ್ತನ್ನು ಟಿವಿಯವರು ನಿನ್ನಿಂದ ಕಿತ್ತುಕೊಂಡರೋ, ನೀನೇ ಬಿಟ್ಟುಕೊಟ್ಟೆಯೋ, ನಾನು ಹೇಳಲಾರೆ.

ಅದಕ್ಕೇ ಆ ಹತ್ತು ನಿಮಿಷವನ್ನು ಅಷ್ಟು ಹಗುರವಾಗಿ ಒಗೆಯಬೇಡ ಅನ್ನಿಸುತ್ತದೆ. ಅಂಗಳದಲ್ಲಿ ಕುದುರೆ ಇನ್ನೂ ಗೆದ್ದೂ ಇರುವುದಿಲ್ಲ, ಸೋತೂ ಇರುವುದಿಲ್ಲ. ಅದು ಕಿವಿ ಹೇಗೆ ಆಡಿಸುತ್ತದೆ, ಎಲ್ಲಿ ಬೆವರಿದೆ, ನೋಡಿಕೊಳ್ಳುವವನ ಭುಜಕ್ಕೆ ಹೇಗೆ ಮೂತಿ ಉಜ್ಜುತ್ತದೆ, ಇದೆಲ್ಲ ನಿನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪ ಲಾಯದಲ್ಲಿ ಕೆಲಸ ಮಾಡಿದವರು, ನೀನು ನಡೆಯಲು ಕಲಿತದ್ದೇ ಅಲ್ಲಿ. ಕುರ್ಚಿ ಹೋದದ್ದು ಅವಮಾನವೇ, ಇಲ್ಲವೆಂದು ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ನನ್ನನ್ನು ಜಾಕಿಗಳ ಟೋಪಿ ಹೊಲಿಯುವ ಮೆಷಿನ್ನಿಂದ ಎಬ್ಬಿಸಿ ಗುಂಡಿ ಹಚ್ಚಲು ಕೂರಿಸಿದರೆ ನನಗೂ ಉರಿಯುತ್ತದೆ. ಆದರೂ ಗುಂಡಿ ಹಚ್ಚುತ್ತ ಸ್ವಲ್ಪ ದಿನ ನೋಡುತ್ತೇನೆ, ಕೈಗೆ ಬೇರೆ ಏನಾದರೂ ತಿಳಿಯುತ್ತದೆಯೋ ಎಂದು. ನಿನ್ನ ಗಂಟಲಿಗೂ ಅಷ್ಟು ವಿಶ್ರಾಂತಿ ಸಿಕ್ಕೀತು.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಮಗಳ ಕೆನ್ನೆಗೆ ಒಂದು ಮುತ್ತು, ನನ್ನ ಹೆಸರಿನಲ್ಲಿ. ನೀವು ಮೂವರೂ ನೆಮ್ಮದಿಯಾಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಇಸ್ತ್ರಿಯವಳು ‘ಧೈರ್ಯವಾಗಿರಿ ಅಂತ ಬರೀರಿ’ ಎಂದಳು. ಮಾಸ್ಟರ್ ‘ನಂಬರ್ ನೋಡೋಕೆ ಬರೀರಿ’ ಎಂದ. ಎರಡನ್ನೂ ಬರೆದಿದ್ದೇನೆ.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ,
ನಿನ್ನ ಅಕ್ಕ

ಮರೆತೆ: ಲಕೋಟೆಗೆ ಗೋಂದು ಹಚ್ಚಲು ಹೋಗಿ ನಿಂತೆ. ಮರೆತೆ ಅನ್ನುವುದೂ ಸುಳ್ಳು. ಮೂರು ಹಾಳೆ ತುಂಬಿಸಿದ್ದು ಇದನ್ನು ಬರೆಯದೆ ತಪ್ಪಿಸಿಕೊಳ್ಳಲು. ಹೋದ ಬುಧವಾರ ನಾವೇ ಹೊಲಿದು ಕೊಟ್ಟಿದ್ದ ಆ ಎರಡು ಟೋಪಿಗಳು ಎಲಾಸ್ಟಿಕ್ ಬದಲಿಸಲು ಅಂಗಡಿಗೆ ವಾಪಸು ಬಂದವು. ಹೊಲಿದಾದ ಮೇಲೆ ಯಾವ ಕುದುರೆಗೆ ಯಾವ ಟೋಪಿ ಎಂದು ಚೀಟಿ ಬರೆದು ಒಳಪಟ್ಟಿಗೆ ಟಾಕು ಹಾಕುವವಳು ನಾನೇ. ಕೆಂಪು ಟೋಪಿಯೊಳಗೆ ‘ಹೊಂಬಿಸಿಲು’ ಎಂದಿತ್ತು, ಬಿಳಿಯದರೊಳಗೆ ‘ಮರುದನಿ’. ಎರಡೂ ನನ್ನ ಅಕ್ಷರ. ಬಟ್ಟೆ ಕೋಣೆಯವನು ಚೀಟಿ ನೋಡಿ ಕೊಟ್ಟಿದ್ದಾನೆ, ಅವನದೇನೂ ತಪ್ಪಿಲ್ಲ. ಟಾಕು ಹಾಕುವಾಗ ನಾನು ತಲೆಯೆತ್ತಿ ನಿನ್ನ ಕಾರ್ಯಕ್ರಮ ನೋಡುತ್ತಿದ್ದೆ, ನೀನು ಏನೋ ಹೇಳಿ ನಗಿಸಿದೆ. ಅದು ಕಾರಣವಲ್ಲ, ನಡೆದದ್ದು.

ಟೋಪಿ ತಂದುಕೊಟ್ಟವನೇ ಹೇಳಿದ, ‘ನಿಮ್ಮ ತಮ್ಮ ಅವತ್ತು ಸಂಜೆ ಬಟ್ಟೆ ಕೋಣೆಗೆ ಬಂದು ಟೋಪಿ ಒಳಗೆ ನೋಡಿದ್ರು, ಮಾತಾಡದೆ ಹೋದ್ರು’ ಎಂದು. ಆಗ ಮಾಸ್ಟರನ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. ಜನ್ಮದಲ್ಲಿ ನೀನು ಒಂದೇ ಒಂದು ಸಲ ಬಾಯಿ ಮುಚ್ಚಿದೆ, ಅದೂ ನನಗಾಗಿ. ಭಾನುವಾರ ಫೋನಿನಲ್ಲೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ನನಗೆ ನಾಚಿಕೆಯಾಗಿತ್ತು.

ನಿನ್ನೆ ಬೆಳಿಗ್ಗೆ ಎರಡು ಟೋಪಿಗಳನ್ನೂ ಚೀಲದಲ್ಲಿ ಹಾಕಿಕೊಂಡು ರೇಸ್ ಕಚೇರಿಗೆ ಹೋಗಿ, ನಡೆದದ್ದನ್ನು ಬರೆದು ಕೊಟ್ಟೆ. ‘ಇದನ್ನ ಯಾವ ಫೈಲಿಗೆ ಹಾಕ್ಲಿ ಅಮ್ಮಾ?’ ಎಂದು ಗುಮಾಸ್ತ ತಲೆ ಕೆರೆದುಕೊಂಡ. ಮೊಹರು ಒತ್ತಿದ ಒಂದು ಪ್ರತಿಯನ್ನು ಟಿವಿಯವರಿಗೆ ಕಳಿಸಿದ್ದೇನೆ, ಇನ್ನೊಂದು ಈ ಲಕೋಟೆಯಲ್ಲಿದೆ. ರೇಸಿನವರ ಹೊಲಿಗೆ ಕೆಲಸ ಇನ್ನು ನಮಗೆ ಬರಲಿಕ್ಕಿಲ್ಲ. ಬರದಿದ್ದರೆ ಶಾಲೆಯ ಸಮವಸ್ತ್ರ ಹೊಲಿಯುತ್ತೇವೆ, ಮಾಸ್ಟರಿಗೆ ಹೇಳಿದ್ದಾಯಿತು. ಅವನು ‘ಆದ್ರೂ ನಂಬರ್ ನೋಡ್ಬೇಕಿತ್ತು’ ಎಂದು ಗೊಣಗಿ, ಇಸ್ತ್ರಿಯವಳ ಹಾಳೆ ತರಿಸಿ ಸಹಿ ಹಾಕಿದ.

ಈ ಕಾಗದ ಗುರುವಾರ ನಿನ್ನ ಕೈ ಸೇರುತ್ತದೆ. ಟಿವಿಯವರು ಕುರ್ಚಿ ಮರಳಿ ಕೊಡುತ್ತಾರೋ ಇಲ್ಲವೋ, ನನಗೆ ತಿಳಿಯದು. ಅವಸರ ನಿನ್ನದು, ಟೋಪಿ ನನ್ನದು. ನನ್ನ ಪಾಲನ್ನು ನಾನು ತೆಗೆದುಕೊಂಡಿದ್ದೇನೆ. ಇನ್ನು ಉಳಿದದ್ದಕ್ಕೆ ಮಾತ್ರ ನೀನು ಯೋಚಿಸು. ಬಿಡುವುದಾದರೆ ನಿನ್ನ ತಪ್ಪಿಗೆ ಬಿಡು ತಮ್ಮಾ, ನನ್ನ ತಪ್ಪಿಗೆ ಬೇಡ.